ಹವಾನಾದ ಕಡತದಲ್ಲಿ ಸಿಕ್ಕಿಬಿದ್ದ ಜನರಲ್

ಹೋದ ಭಾನುವಾರ ನಮ್ಮ ಬಡಾವಣೆ ಲೈಬ್ರರಿ ಹಾಲಲ್ಲಿ ಆಡಿದ ಮಾತು ಇದು. ಬರಕ್ಕಾಗದೇ ಇದ್ದೋರು ಬರೆದು ಹಾಕಿ ಅಂದ್ರು, ಅದಕ್ಕೆ ಫೋನಲ್ಲಿದ್ದ ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ನಾನು ಕೆಮ್ಮಿದ್ದು, ಮೈಕ್ ಕೈಕೊಟ್ಟಿದ್ದು, ಕಾಫಿ ಬಂತು ಅಂತ ಹತ್ತು ನಿಮಿಷ ನಿಲ್ಲಿಸಿದ್ದು ಇಷ್ಟು ಬಿಟ್ರೆ ಮಿಕ್ಕಿದ್ದು ಹೆಚ್ಚುಕಮ್ಮಿ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಲೆಕ್ಕ ಹೇಳ್ತೀನಿ, ಮನುಷ್ಯನ ವಿಷಯಕ್ಕೆ ಆಮೇಲೆ ಬರ್ತೀನಿ, ಯಾಕಂದ್ರೆ ನಾನು ಬ್ಯಾಂಕಲ್ಲಿದ್ದೋನು, ಅದರಲ್ಲೂ ಕೊನೇಲಿ ಇನ್‌ಸ್ಪೆಕ್ಷನ್ ಸೆಕ್ಷನ್ನು, ಹಾಗಾಗಿ ಯಾವ ಕಥೆ ಕೇಳಿದ್ರೂ ನನ್ನ ತಲೆ ಮೊದಲು ಹೋಗೋದು ದುಡ್ಡು ಯಾವ ದಾರೀಲಿ ಬಂತು ಅನ್ನೋ ಕಡೆಗೇನೆ. ಆಗಿನ ಸ್ಪೇನಿನ ಬೆಳ್ಳಿ ಡಾಲರ್ ಒಂದು ನಾಣ್ಯ ಸುಮಾರು 27 ಗ್ರಾಂ ತೂಗ್ತಿತ್ತು. 1796ರಲ್ಲಿ ಮಿಸಿಸಿಪಿ ನದಿ ದಂಡೇಲಿರೋ ನ್ಯೂ ಮ್ಯಾಡ್ರಿಡ್ ಅನ್ನೋ ಸ್ಪೇನಿನ ಠಾಣೆಯಿಂದ ಒಬ್ಬ ಏಜೆಂಟ್ ಅಂಥ 9,640 ನಾಣ್ಯ ತಗೊಂಡು ದೋಣೀಲಿ ಹೊರಟ. ಗುಣಿಸಿ ನೋಡಿ, 260 ಕೆಜಿ ಆಗುತ್ತೆ, ಅಂದ್ರೆ 25 ಕೆಜಿ ಅಕ್ಕಿ ಮೂಟೆ ಹತ್ತಕ್ಕಿಂತ ಜಾಸ್ತಿ. ಜೇಬಲ್ಲಿ ಇಟ್ಕೊಂಡು ಹೋಗೋ ಲಂಚ ಅಲ್ಲ ಇದು. ಅದಕ್ಕೆ ಅವನೇನು ಮಾಡ್ದ ಅಂದ್ರೆ ಸಕ್ಕರೆ ಪೀಪಾಯಿ, ಕಾಫಿ ಪೀಪಾಯಿ ಒಳಗೆ ಬೆಳ್ಳಿ ಹೂತ. ದಾರೀಲಿ ಅಮೆರಿಕದ ಸೈನ್ಯದ ಒಬ್ಬ ಲೆಫ್ಟಿನೆಂಟ್ ದೋಣಿ ನಿಲ್ಲಿಸಿ ತಪಾಸಣೆನೂ ಮಾಡ್ದ, ಸಕ್ಕರೆ ಕಾಣಿಸ್ತು, ಕಾಫಿ ಕಾಣಿಸ್ತು, ಹೋಗು ಅಂದ.

ಆ ಬೆಳ್ಳಿ ಹೋಗ್ತಾ ಇದ್ದಿದ್ದು ಯಾರಿಗೆ ಅಂದ್ರೆ ಅದೇ ಅಮೆರಿಕದ ಸೈನ್ಯದಲ್ಲಿ ಎರಡನೇ ಸ್ಥಾನದಲ್ಲಿದ್ದ ಬ್ರಿಗೇಡಿಯರ್ ಜನರಲ್ ಜೇಮ್ಸ್ ವಿಲ್ಕಿನ್ಸನ್‌ಗೆ. ಆ ವರ್ಷ ಮುಗಿಯೋದ್ರೊಳಗೆ ಅವನೇ ಮೊದಲನೇ ಸ್ಥಾನಕ್ಕೂ ಬಂದ. ಬೇಲಿನೇ ಎದ್ದು ಹೊಲ ಮೇಯ್ತು ಅಂತೀವಲ್ಲ, ಇಲ್ಲಿ ಬೇಲಿಗೆ ಪಕ್ಕದ ಹೊಲದೋನು ಸಂಬಳ ಬೇರೆ ಕೊಡ್ತಿದ್ದ.

ಸರಿ, ಈಗ ಮನುಷ್ಯನ ವಿಷಯ. ಹುಟ್ಟಿದ್ದು 1757, ಮೇರಿಲ್ಯಾಂಡಲ್ಲಿ. ಫಿಲಡೆಲ್ಫಿಯಾದಲ್ಲಿ ಡಾಕ್ಟರಿಕೆ ಕಲೀತಿದ್ದ ಹುಡುಗ, ಸ್ವಾತಂತ್ರ್ಯ ಯುದ್ಧ ಶುರುವಾದ ತಕ್ಷಣ ಸೈನ್ಯಕ್ಕೆ ಹಾರಿದ. ಶುರುವಲ್ಲಿ ಕೆಲಕಾಲ ಇದ್ದಿದ್ದು ಬೆನೆಡಿಕ್ಟ್ ಆರ್ನಲ್ಡ್ ಕೈಕೆಳಗೆ, ಅದೇ ಮುಂದೆ ಬ್ರಿಟಿಷರ ಕಡೆ ಹೋಗಿ ಅಮೆರಿಕದಲ್ಲಿ ದ್ರೋಹಿ ಅನ್ನೋ ಪದಕ್ಕೇ ಇನ್ನೊಂದು ಹೆಸರಾದ ಆರ್ನಲ್ಡ್. ಆಮೇಲೆ ಜನರಲ್ ಗೇಟ್ಸ್ ಹತ್ರ ಸೇರ್ಕೊಂಡ. 1777ರ ಅಕ್ಟೋಬರಲ್ಲಿ ಸಾರಟೋಗಾದಲ್ಲಿ ಬ್ರಿಟಿಷ್ ಸೈನ್ಯ ಪೂರ್ತಿ ಶರಣಾಯ್ತಲ್ಲ, ಆ ಸುದ್ದಿನ ಕಾಂಗ್ರೆಸ್ಸಿಗೆ, ಅಂದ್ರೆ ಅಮೆರಿಕದ ಸಂಸತ್ತಿಗೆ, ಮುಟ್ಟಿಸೋ ಕೆಲಸ ಗೇಟ್ಸ್ ಇವನಿಗೆ ಕೊಟ್ಟ. ಇವನು ದಾರೀಲಿ ಮದುವೆ ಆಗಬೇಕಿದ್ದ ಹುಡುಗಿ ಆನ್ ಬಿಡ್ಲ್‌ನ ನೋಡಕ್ಕೆ ನಿಂತ, ಕುಡಿಯಕ್ಕೆ ನಿಂತ, ಕುಡಿದ ಕಡೆ ಸೈನ್ಯದ ಮುಖ್ಯಸ್ಥ ಜಾರ್ಜ್ ವಾಷಿಂಗ್ಟನ್ ವಿರುದ್ಧ ಒಳಗೊಳಗೇ ನಡೀತಿದ್ದ ಪತ್ರದ ವಿಷಯ ಬಾಯಿಬಿಟ್ಟ, ಕೊನೆಗೆ ಕಾಂಗ್ರೆಸ್ ಮುಟ್ಟೋ ಹೊತ್ತಿಗೆ ಸುದ್ದಿ ಹಳಸಿಹೋಗಿತ್ತು. ಇವನಿಗೆ ಬಹುಮಾನ ಏನು ಕೊಡೋಣ ಅಂತ ಚರ್ಚೆ ಬಂದಾಗ ಒಬ್ಬ ಸದಸ್ಯ, ಕುದುರೆ ತಿವಿಯೋ ಮುಳ್ಳು ಒಂದು ಜೊತೆ ಕೊಡಿ ಸಾಕು ಅಂದನಂತೆ. ಆದ್ರೂ ಬ್ರಿಗೇಡಿಯರ್ ಜನರಲ್ ಪದವಿ ಸಿಕ್ತು, ವಯಸ್ಸು ಬರೀ 20!

ಮುಂದಿನ ವರ್ಷವೇ ಆ ಪತ್ರದ ರಾದ್ಧಾಂತದಲ್ಲಿ ರಾಜೀನಾಮೆ. 1779ರಲ್ಲಿ ಮತ್ತೆ ಒಳಗೆ ಬಂದ, ಸೈನ್ಯಕ್ಕೆ ಬಟ್ಟೆ ಪೂರೈಸೋ ಇಲಾಖೆಗೆ ಮುಖ್ಯಸ್ಥ. 1781ರಲ್ಲಿ ಅಲ್ಲಿಂದಾನೂ ರಾಜೀನಾಮೆ, ಕಾರಣ ಲೆಕ್ಕ ತಾಳೆ ಆಗಲಿಲ್ಲ. ನಾನು ಇನ್‌ಸ್ಪೆಕ್ಷನ್‌ಗೆ ಹೋದಾಗ ಇಂಥ ಫೈಲ್ ಎಷ್ಟು ನೋಡಿಲ್ಲ ಹೇಳಿ, ಒಂದು ಬ್ರಾಂಚಲ್ಲಿ ಲೆಕ್ಕ ತಪ್ಪಿಸಿದೋನು ಇನ್ನೊಂದು ಬ್ರಾಂಚಲ್ಲಿ ಪ್ರಮೋಶನ್ ತಗೊಂಡು ಕೂತಿರ್ತಾನೆ. ಅದೇ ವರ್ಷ ಯಾರ್ಕ್‌ಟೌನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಸೋತು ಶರಣಾದ. ಅವನೇ ನಮ್ಮ ಕಡೆ ಬಂದು 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಹತ್ರ ಅರ್ಧ ರಾಜ್ಯ ಬರೆಸ್ಕೊಂಡೋನು. ಅಷ್ಟೇ, ನಮ್ಮೂರಿನ ನಂಟು ಅಲ್ಲಿಗೆ ಮುಗೀತು.

ಈಗ ಸ್ವಲ್ಪ ಮ್ಯಾಪ್ ಕಣ್ಮುಂದೆ ತಂದ್ಕೊಳ್ಳಿ. ಆಗಿನ ಅಮೆರಿಕ ಅಂದ್ರೆ ಪೂರ್ವದ ಕರಾವಳಿ, ಅದರ ಹಿಂದೆ ಅಪಲೇಚಿಯನ್ ಬೆಟ್ಟಸಾಲು, ಬೆಟ್ಟ ದಾಟಿದ್ರೆ ಕೆಂಟಕಿ. ಅಲ್ಲಿ ಬೆಳೆದ ಹೊಗೆಸೊಪ್ಪನ್ನ ಬೆಟ್ಟ ಹತ್ತಿಸಿ ಪೂರ್ವಕ್ಕೆ ಸಾಗಿಸಿದ್ರೆ ಸಾಗಣೆ ಖರ್ಚೇ ಬೆಳೆ ತಿಂದುಬಿಡುತ್ತೆ, ಇರೋ ಒಂದೇ ದಾರಿ ಅಂದ್ರೆ ಒಹಾಯೋ ನದೀಲಿ ಇಳಿದು ಮಿಸಿಸಿಪಿ ಸೇರಿ ಕೆಳಗೆ ನ್ಯೂ ಆರ್ಲಿಯನ್ಸ್‌ವರೆಗೆ ತೇಲಿಸ್ಕೊಂಡು ಹೋಗೋದು, ಅಲ್ಲಿಂದ ಹಡಗು. ಆದ್ರೆ ನದಿಯ ಬಾಯಿ ಇದ್ದಿದ್ದು ಸ್ಪೇನಿನ ಕೈಲಿ, 1784ರಲ್ಲಿ ಅವರು ಅಮೆರಿಕದೋರಿಗೆ ಆ ದಾರಿ ಮುಚ್ಚಿಬಿಟ್ರು. ಕೆಂಟಕಿ ರೈತರಿಗೆ ಹೊಟ್ಟೆ ಉರಿ, ದೂರದ ಸರ್ಕಾರ ನಮಗೋಸ್ಕರ ಏನೂ ಮಾಡ್ತಿಲ್ಲ, ಬೇರೆ ಆಗೋದೇ ವಾಸಿ ಅನ್ನೋ ಮಾತು ಊರೂರಲ್ಲಿ. ಸರಿಯಾಗಿ ಆ ವರ್ಷವೇ ವಿಲ್ಕಿನ್ಸನ್ ಕೆಂಟಕಿಗೆ ವ್ಯಾಪಾರ ಮಾಡಕ್ಕೆ ಅಂತ ಬಂದಿಳಿದ.

1787ರಲ್ಲಿ ಹೊಗೆಸೊಪ್ಪು ಅದೂ ಇದೂ ತುಂಬ್ಕೊಂಡು ನೇರ ನ್ಯೂ ಆರ್ಲಿಯನ್ಸಿಗೆ ಹೋಗಿ ಗವರ್ನರ್ ಮಿರೋ ಮುಂದೆ ಕೂತ. ಇವನು ಹೇಳಿದ್ದರ ಸಾರಾಂಶ ಇಷ್ಟು: ಕೆಂಟಕಿ ನನ್ನ ಕೈಲಿದೆ, ಅದನ್ನ ಅಮೆರಿಕದಿಂದ ಬಿಡಿಸಿ ನಿಮ್ಮ ಕಡೆ ತರ್ತೀನಿ, ಅಲ್ಲೀವರೆಗೂ ನದಿ ಎಲ್ಲರಿಗೂ ತೆರೀಬೇಡಿ, ನನಗೊಬ್ಬನಿಗೆ ತೆರೀರಿ. ಆಗಸ್ಟ್ 22ನೇ ತಾರೀಕು ಸ್ಪೇನಿನ ರಾಜನಿಗೆ ನಿಷ್ಠೆ ಬರೆದು ಸಹಿ ಹಾಕಿದ. ಇದರಲ್ಲಿರೋ ಚಾಲಾಕಿತನ ನೋಡಿ. ಕೆಂಟಕಿಗೆ ವಾಪಸ್ ಬಂದಾಗ ಇವನು ಹೀರೋ, ಸ್ಪೇನಿನೋರ ಬಾಗಿಲು ತೆಗೆಸಿದ ಗಂಡುಗಲಿ, ಕೆಂಟಕಿ ಬೆಲೆಗಿಂತ ನಾಲ್ಕೈದು ಪಟ್ಟು ಬೆಲೆಗೆ ಹೊಗೆಸೊಪ್ಪು ಮಾರಿ ಬಂದೋನು. ಅತ್ಲಾಗೆ ಸ್ಪೇನಿನೋರಿಗೆ ಇವನು ಕೆಂಟಕಿಯ ಬೀಗದಕೈ. ಇಬ್ಬರಿಗೂ ಇನ್ನೊಬ್ಬರ ಭಯ ತೋರಿಸೇ ಅಂಗಡಿ ನಡೆಸಿದ. ನನ್ನ ಪ್ರಕಾರ ಇವನು ಗೂಢಚಾರ ಆಗಿದ್ದಕ್ಕಿಂತ ಭಯದ ದಲ್ಲಾಳಿ ಆಗಿದ್ದೇ ಹೆಚ್ಚು. 1789ರಲ್ಲಿ ಮತ್ತೆ ಹೋಗಿ, ಕೆಂಟಕೀಲಿ ಯಾರ್ಯಾರನ್ನ ಎಷ್ಟೆಷ್ಟಕ್ಕೆ ಕೊಂಡುಕೊಳ್ಳಬಹುದು ಅಂತ ಹೆಸರು, ಎದುರಿಗೆ ಮೊತ್ತ, ಪಟ್ಟಿನೇ ಮಾಡಿ ಕೊಟ್ಟ, ಬಜೆಟ್ ಥರ. ಅದರಲ್ಲಿದ್ದ ಬೆಂಜಮಿನ್ ಸೆಬಾಸ್ಟಿಯನ್ ಅನ್ನೋ ಜಡ್ಜ್ ನಿಜಕ್ಕೂ ಸ್ಪೇನಿನ ಪೆನ್ಶನ್ ತಗೊಳ್ತಿದ್ದ ಅಂತ 1806ರಲ್ಲಿ ಗೊತ್ತಾಗಿ ರಾಜೀನಾಮೆ ಕೊಟ್ಟ.

ಪತ್ರಗಳೆಲ್ಲ ಗುಪ್ತಲಿಪೀಲಿ. ಒಂದು ಪಾಕೆಟ್ ಡಿಕ್ಷನರಿ ಇಟ್ಕೊಂಡು ಯಾವ ಪುಟ, ಎಷ್ಟನೇ ಪದ ಅಂತ ಅಂಕಿ ಬರೆಯೋದು, ಆ ಕಡೆಯೋರ ಹತ್ರಾನೂ ಅದೇ ಡಿಕ್ಷನರಿ. ಸ್ಪೇನಿನ ಕಾಗದದಲ್ಲಿ ಇವನ ಹೆಸರೇ ಬರಲ್ಲ, ನಂಬರ್ 13 ಅಂತ ಬರುತ್ತೆ.

ಆದ್ರೆ ಕೆಂಟಕಿ ಬಿಡಿಸಿ ಕೊಡೋದು ಎಲ್ಲಾಯ್ತು? 1792ರ ಜೂನ್ 1ಕ್ಕೆ ಕೆಂಟಕಿ ಅಮೆರಿಕದ 15ನೇ ರಾಜ್ಯವಾಗಿ ಒಳಗೇ ಸೇರ್ತು. ತಮಾಷೆ ಅಂದ್ರೆ ಅದೇ 1792ರಲ್ಲೇ ಸ್ಪೇನಿಂದ ಇವನಿಗೆ ವರ್ಷಕ್ಕೆ 2,000 ಡಾಲರ್ ಪೆನ್ಶನ್ ಮಂಜೂರಾಯ್ತು, ಅದೂ 1789ರ ಜನವರಿಯಿಂದ ಅರಿಯರ್ಸ್ ಸಮೇತ! ಕೆಲಸ ಕೆಟ್ಟ ಮೇಲೆ ಅರಿಯರ್ಸ್ ಕೊಟ್ಟ ಸರ್ಕಾರ ಇನ್ನೊಂದಿಲ್ಲ. ಅವರ ಲೆಕ್ಕ ಏನಿತ್ತು ಅಂದ್ರೆ, ಅಷ್ಟರಲ್ಲಿ ಇವನ ವ್ಯಾಪಾರ ಮುಳುಗಿ ಸಾಲ ಏರಿ, 1791ರಲ್ಲಿ ಮತ್ತೆ ಸೈನ್ಯ ಸೇರಿದ್ದ, 92ರ ಮಾರ್ಚಲ್ಲಿ ಬ್ರಿಗೇಡಿಯರ್ ಜನರಲ್. ಹಾಗಾಗಿ ವ್ಯಾಪಾರಿಗಿಂತ ಜನರಲ್ ಬೆಲೆ ಜಾಸ್ತಿ. ಇವನನ್ನ ಸೈನ್ಯಕ್ಕೆ ತಗೊಂಡಿದ್ದರ ಬಗ್ಗೆ ಕೆಂಟಕೀಲಿ ಇವನ ಕಡು ವಿರೋಧಿ ಹಂಫ್ರಿ ಮಾರ್ಷಲ್ ಹೇಳಿದ ಮಾತು ನನಗೆ ಬಹಳ ಹಿಡಿಸ್ತು. ಅವನೇ ಇವನ ನೇಮಕಾತಿಗೆ ಬೆಂಬಲ ಕೊಟ್ನಂತೆ, ಕೆಲಸ ಕೊಟ್ರೆ ನಿಷ್ಠೆ ಬರದೇ ಇದ್ರೂ ಕಣ್ಣಳತೇಲಾದ್ರೂ ಇರ್ತಾನೆ ಅಂತ.

ಈ ಅರಿಯರ್ಸ್ ಇವನ ಕೈಗೆ ಹೇಗೆ ಬಂತು ಅನ್ನೋದು ದೊಡ್ಡ ಪುರಾಣ. ದೇವರು ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಅಕ್ಷರಶಃ ಅದೇ. 1794ರಲ್ಲಿ 12,000 ಡಾಲರ್‌ನ ಎರಡು ಪಾಲು ಮಾಡಿ ಇಬ್ಬರ ಕೈಲಿ ಕಳಿಸಿದ್ರು. ಹೆನ್ರಿ ಓವನ್ ಅನ್ನೋನು 6,000 ತಗೊಂಡು ನದೀಲಿ ಹೊರಟ, ಒಹಾಯೋದಲ್ಲಿ ದೋಣಿ ನಡೆಸೋ ಆಳುಗಳೇ ಅವನನ್ನ ಕೊಂದು ಬೆಳ್ಳಿ ಹಂಚ್ಕೊಂಡು ಓಡಿಹೋದ್ರು. ಅವರಲ್ಲಿ ಕೆಲವರು ಸಿಕ್ಕಿಬಿದ್ರು, ಸ್ಪ್ಯಾನಿಶ್ ಮಾತ್ರ ಬರೋ ಜನ, ಅವರು ಹೇಳೋದನ್ನ ಇಂಗ್ಲಿಷಿಗೆ ಹೇಳಕ್ಕೆ ಒಬ್ಬ ಬೇಕು, ಹಾಗೆ ಬಂದೋನು ಥಾಮಸ್ ಪವರ್. ಅವನೇ ಸ್ಪೇನಿನ ಏಜೆಂಟ್! ಆರೋಪಿಗಳು ಈ ದುಡ್ಡು ನಿಮ್ಮ ಜನರಲ್‌ದು ಅಂತ ಬಡ್ಕೊಂಡಿದ್ದು ಅವನ ನಾಲಿಗೆ ದಾಟಿ ಈಚೆ ಬರಲೇ ಇಲ್ಲ. ಎರಡನೇ ಪಾಲು ಜೋಸೆಫ್ ಕಾಲಿನ್ಸ್ ಅನ್ನೋನು ಸಮುದ್ರದ ದಾರೀಲಿ ತಂದ, ಖರ್ಚು ವೆಚ್ಚ ಎಲ್ಲಾ ಕಳೆದು ಇವನಿಗೆ ಮುಟ್ಟಿದ್ದು ಅರ್ಧಕ್ಕಿಂತ ಕಡಿಮೆ. ಅದಾದ ಮೇಲೇನೆ ನಾನು ಆಗ್ಲೇ ಹೇಳಿದ ಸಕ್ಕರೆ ಪೀಪಾಯಿ, ಅದನ್ನ ತಂದಿದ್ದೂ ಇದೇ ಪವರ್.

ನಮ್ಮ ಒಬ್ಬರು ಕೇಳಿದ್ರು, ಅಷ್ಟೊಂದು ಸ್ಪೇನಿನ ಬೆಳ್ಳಿ ಮನೇಲಿದ್ರೆ ಸಾಕ್ಷಿ ಅಲ್ವಾ ಅಂತ. ಒಳ್ಳೇ ಪ್ರಶ್ನೆ. ಆದ್ರೆ ಆಗ ಅಮೆರಿಕದಲ್ಲಿ ಓಡಾಡ್ತಿದ್ದ ದುಡ್ಡೇ ಬಹುಪಾಲು ಸ್ಪೇನಿನ ಡಾಲರ್, 1857ರವರೆಗೂ ಅಲ್ಲಿ ಅದು ಕಾನೂನುಬದ್ಧ ಚಲಾವಣೆ. ಮೇಲಾಗಿ ಯಾರಾದ್ರೂ ಕೇಳಿದ್ರೆ ಹಳೇ ಹೊಗೆಸೊಪ್ಪಿನ ಬಾಕಿ ಈಗ ಬಂತು ಅಂತಿದ್ದ. ನಿಜವಾದ ವ್ಯಾಪಾರ ಒಂದು ಕಾಲದಲ್ಲಿ ಇತ್ತಲ್ಲ, ಆ ನೆರಳಲ್ಲಿ ಎಷ್ಟು ಬೇಕಾದ್ರೂ ಸುಳ್ಳು ನಿಲ್ಲಿಸಬಹುದು.

ಇವನ ಮೇಲಧಿಕಾರಿ ಜನರಲ್ ಆಂಥನಿ ವೇಯ್ನ್‌ಗೆ ವಾಸನೆ ಬಂದಿತ್ತು, ಇಬ್ಬರಿಗೂ ಹಾವು ಮುಂಗುಸಿ ಸಂಬಂಧ, ದೋಣಿ ತಪಾಸಣೆ ಮಾಡಕ್ಕೆ ಕಳಿಸಿದ್ದೂ ಅವನೇ. ಆದ್ರೆ 1796ರ ಡಿಸೆಂಬರ್ 15ಕ್ಕೆ ಕಾಯಿಲೆ ಬಿದ್ದು ವೇಯ್ನ್ ಸತ್ತ, ಅವನ ಕುರ್ಚಿಗೆ ನಂಬರ್ 13 ಬಂದು ಕೂತ. 1798ರಲ್ಲಿ ಗಡಿ ಸರ್ವೇ ಮಾಡ್ತಿದ್ದ ಆಂಡ್ರ್ಯೂ ಎಲಿಕಾಟ್ ಸ್ಪೇನಿನ ಒಂದು ಪತ್ರದ ವಿಷಯ ತಿಳ್ಕೊಂಡು ಮೇಲಿನೋರಿಗೆ ವರದಿ ಮಾಡ್ದ. ಅಧ್ಯಕ್ಷ ಆಡಮ್ಸ್ ಏನು ಮಾಡ್ದ ಗೊತ್ತಾ, ವಿಲ್ಕಿನ್ಸನ್‌ಗೇ ಪತ್ರ ಬರೆದು, ನೀವು ಸ್ಪೇನಿನ ಸಂಬಳದಲ್ಲಿದೀರಿ ಅಂತ ಜನ ಅಂತಿದಾರೆ, ನನಗೆ ನಿಮ್ಮ ಮೇಲೆ ನಂಬಿಕೆ ಇದೆ ಅಂದ. 1806ರಲ್ಲಿ ಕೆಂಟಕಿಯ ಸರ್ಕಾರಿ ವಕೀಲ ಡೇವಿಸ್ ಅಧ್ಯಕ್ಷ ಜೆಫರ್ಸನ್‌ಗೆ ಬರೆದು, ಇವನು ಸ್ಪೇನಿನ ಪೆನ್ಶನ್ ತಗೊಳ್ಳೋನು ಅಂತ ಕಡ್ಡಿ ಮುರಿದ ಹಾಗೆ ಹೇಳ್ದ. ಡೇವಿಸ್ ವಿರೋಧ ಪಕ್ಷದೋನು, ಜೆಫರ್ಸನ್ ಕಿವಿಗೇ ಹಾಕ್ಕೊಳ್ಳಲಿಲ್ಲ. ಅಂದ್ರೆ ಇದು ಯಾರಿಗೂ ಗೊತ್ತಿಲ್ಲದ ಗುಟ್ಟಾಗಿರಲಿಲ್ಲ, ಊರಿಗೆಲ್ಲ ಗೊತ್ತಿದ್ದು ವೋಚರ್ ಮಾತ್ರ ಇಲ್ಲದೇ ಇದ್ದ ಗುಟ್ಟು.

ಮಧ್ಯೆ ಒಂದು ಜುಟ್ಟಿನ ಕಥೆ ಹೇಳ್ಬೇಕು, ಬೇಹುಗಾರಿಕೆಗೂ ಇದಕ್ಕೂ ಸಂಬಂಧ ಇಲ್ಲ ಆದ್ರೆ ಬಿಡಕ್ಕೆ ಮನಸ್ಸಿಲ್ಲ. ಆಗ ಸೈನಿಕರು ಉದ್ದ ಕೂದಲು ಬಿಟ್ಟು ಹಿಂದೆ ಜಡೆ ಥರ ಕಟ್ತಿದ್ರು. 1801ರ ಏಪ್ರಿಲ್ 30ಕ್ಕೆ ವಿಲ್ಕಿನ್ಸನ್ ಎಲ್ಲರೂ ಜುಟ್ಟು ಕತ್ತರಿಸಿ ಅಂತ ಆರ್ಡರ್ ಹೊರಡಿಸಿದ. ಕರ್ನಲ್ ಥಾಮಸ್ ಬಟ್ಲರ್ ಅನ್ನೋ ಹಳೇ ಯೋಧ, ಕೊಡಲ್ಲ ಅಂದ. ಕೋರ್ಟ್ ಮಾರ್ಷಲ್ ಆಯ್ತು, ಮತ್ತೆ ಕೊಡಲ್ಲ ಅಂದ, 1805ರಲ್ಲಿ ಇನ್ನೊಂದು ಕೋರ್ಟ್ ಮಾರ್ಷಲ್. ಮುಂದೆ ಅಧ್ಯಕ್ಷನಾದ ಆಂಡ್ರ್ಯೂ ಜಾಕ್ಸನ್ ಕೂಡ ಬಟ್ಲರ್ ಪರ ಜೆಫರ್ಸನ್‌ಗೆ ಪತ್ರ ಬರೆದ. ಶಿಕ್ಷೆ ಜಾರಿ ಆಗೋ ಮೊದಲೇ ಬಟ್ಲರ್ ಹಳದಿ ಜ್ವರದಲ್ಲಿ ತೀರ್ಕೊಂಡ. ಹೆಣದ ಪೆಟ್ಟಿಗೆಗೆ ತೂತು ಕೊರೆದು ನನ್ನ ಜುಟ್ಟು ಹೊರಗೆ ನೇತು ಬಿಡಿ, ಸತ್ತ ಮೇಲೂ ಆರ್ಡರ್ ಪಾಲಿಸಿಲ್ಲ ಅಂತ ಅವನು ನೋಡ್ಲಿ ಅಂತ ಹೇಳಿದ್ದ ಅನ್ನೋ ದಂತಕಥೆ ಇದೆ. ನಿಜವೋ ಸುಳ್ಳೋ, ದೇಶದ ಗುಟ್ಟು ಮಾರ್ಕೊಂಡೋನು ಜುಟ್ಟಿನ ಶಿಸ್ತಿಗೆ ಇಷ್ಟು ತಲೆ ಕೆಡಿಸ್ಕೊಂಡಿದ್ದು ಮಾತ್ರ ದಾಖಲೆ.

1803ರಲ್ಲಿ ಅಮೆರಿಕ ಮಿಸಿಸಿಪಿಯ ಪಶ್ಚಿಮಕ್ಕಿದ್ದ ಲೂಸಿಯಾನಾ ಅನ್ನೋ ದೊಡ್ಡ ಪ್ರದೇಶನ ಫ್ರಾನ್ಸಿಂದ ಕೊಂಡ್ಕೊಳ್ತು, ಡಿಸೆಂಬರ್ 20ಕ್ಕೆ ನ್ಯೂ ಆರ್ಲಿಯನ್ಸಲ್ಲಿ ಅದನ್ನ ಅಧಿಕೃತವಾಗಿ ವಶಕ್ಕೆ ತಗೊಂಡಿದ್ದು ಗವರ್ನರ್ ಕ್ಲೇಬರ್ನ್ ಮತ್ತೆ ಇದೇ ವಿಲ್ಕಿನ್ಸನ್. ಹೊಸ ಬಾವುಟ ಏರಿಸಿ ಕೆಲವೇ ತಿಂಗಳಲ್ಲಿ ಅದೇ ಊರಲ್ಲಿ ಕೂತು ಸ್ಪೇನಿನೋರಿಗೆ ಒಂದು ಸಲಹಾಪತ್ರ ಬರೆದು ಮಾರಿದ. ಬಾಕಿ ಪೆನ್ಶನ್ 20,000 ಕೊಡಿ ಅಂದ, 12,000 ಸಿಕ್ತು, ಅದರಲ್ಲಿ ಒಂದಷ್ಟಕ್ಕೆ ಸಕ್ಕರೆ ಖರೀದಿ ಮಾಡ್ದ. ಸಲಹೇಲಿ ಏನಿತ್ತು? ಜೆಫರ್ಸನ್ ಆಗಷ್ಟೇ ಲೂಯಿಸ್ ಮತ್ತು ಕ್ಲಾರ್ಕ್ ಅನ್ನೋ ಇಬ್ಬರು ಸೇನಾಧಿಕಾರಿಗಳನ್ನ ಮಿಸ್ಸೂರಿ ನದಿ ಹಿಡ್ಕೊಂಡು ಪಶ್ಚಿಮ ಸಮುದ್ರದವರೆಗೆ ಕಳಿಸ್ತಿದ್ದ, ಅಮೆರಿಕದ ಪ್ರತಿ ಸ್ಕೂಲ್ ಮಗುಗೂ ಆ ಪ್ರಯಾಣ ಗೊತ್ತು. ಅವರನ್ನ ಹಿಡಿದು ಒಳಗೆ ಹಾಕಿ ಅಂತ ಸ್ಪೇನಿನೋರಿಗೆ ಹೇಳಿಕೊಟ್ಟೋನು ಅಮೆರಿಕದ ಸೈನ್ಯದ ಮುಖ್ಯಸ್ಥ! ಸುದ್ದಿ ಚಿವಾವಾದಲ್ಲಿದ್ದ ಸ್ಪೇನಿನ ದಂಡನಾಯಕ ಸಾಲ್ಸೆಡೋಗೆ ಹೋಯ್ತು, ಅವನು ಸಾಂಟಾ ಫೆಯಿಂದ ಪೆಡ್ರೋ ವಿಯಾಲ್ ಅನ್ನೋ ದಾರಿ ಬಲ್ಲೋನನ್ನ ಪಡೆ ಜೊತೆ ಅಟ್ಟಿದ. ಒಂದು ಸಲ ಅಲ್ಲ, 1804ರಿಂದ 1806ರೊಳಗೆ ನಾಲ್ಕು ಪಡೆ ಹೋಯ್ತು. ಬಯಲು ಅಷ್ಟು ದೊಡ್ಡದು, ಕುದುರೆ ಅಷ್ಟು ನಿಧಾನ, ಯಾರೂ ಯಾರಿಗೂ ಸಿಗಲಿಲ್ಲ. ಲೂಯಿಸ್, ಕ್ಲಾರ್ಕ್ ಇಬ್ಬರಿಗೂ ತಮ್ಮ ಹಿಂದೆ ಜನ ಬಿದ್ದಿದಾರೆ ಅನ್ನೋದು ಗೊತ್ತೇ ಇಲ್ದಂಗೆ ಹೋಗಿ ಬಂದ್ರು.

ಇನ್ನು ಏರನ್ ಬರ್. ಅಮೆರಿಕದ ಉಪಾಧ್ಯಕ್ಷನಾಗಿದ್ದೋನು, ರಾಜಕೀಯದ ಎದುರಾಳಿ ಹ್ಯಾಮಿಲ್ಟನ್‌ನ ಡ್ಯುಯೆಲಲ್ಲಿ, ಅಂದ್ರೆ ಪಿಸ್ತೂಲಿನ ದ್ವಂದ್ವದಲ್ಲಿ, ಕೊಂದೋನು. ಪಶ್ಚಿಮಕ್ಕೆ ಬಂದು ದೋಣಿ, ಜನ, ದುಡ್ಡು ಸೇರಿಸ್ತಿದ್ದ. ಆಗ ಸ್ಪೇನಿನ ಕೈಲಿದ್ದ ಮೆಕ್ಸಿಕೋ ಮೇಲೆ ದಂಡೆತ್ತಿ ಹೋಗಕ್ಕೋ, ಪಶ್ಚಿಮದ ರಾಜ್ಯಗಳನ್ನ ಒಡೆಯಕ್ಕೋ ಅನ್ನೋದರ ಮೇಲೆ ಇವತ್ತಿಗೂ ಜಗಳ ಇದೆ. ಅದರಲ್ಲಿ ವಿಲ್ಕಿನ್ಸನ್ ಪಾಲುದಾರ. 1806ರ ಅಕ್ಟೋಬರ್ 8ಕ್ಕೆ ಬರ್ ಕಡೆಯಿಂದ ಗುಪ್ತಲಿಪಿ ಪತ್ರ ಇವನಿಗೆ ಬಂತು. ಇವನು ಎರಡು ವಾರ ಕೂತು ತೂಗಿದ, ಯಾವ ತಕ್ಕಡಿ ಭಾರ ಅಂತ. ಆಮೇಲೆ ಜೆಫರ್ಸನ್‌ಗೆ ಬರೆದು, ದೇಶಕ್ಕೆ ಗಂಡಾಂತರ, ನಾನು ಕಾಪಾಡ್ತೀನಿ ಅಂದ. ನ್ಯೂ ಆರ್ಲಿಯನ್ಸಿಗೆ ಹೋಗಿ ಕಾನೂನು ಕಟ್ಟಲೆ ಬದಿಗಿಟ್ಟು ಸಿಕ್ಕ ಸಿಕ್ಕೋರನ್ನ ಬಂಧಿಸಿದ. ಕೊನೆಗೆ ಬರ್ ಬಂದಿದ್ದು ಹತ್ತು ದೋಣಿ, ಹೆಚ್ಚಂದ್ರೆ ನೂರು ಜನರ ಜೊತೆ. ಇದೇ ಟೈಮಲ್ಲಿ ಇವನು ಇನ್ನೊಬ್ಬನನ್ನ ಮೆಕ್ಸಿಕೋ ನಗರಕ್ಕೆ ಕಳಿಸಿ, ಬರ್ ಕೈಯಿಂದ ನಿಮ್ಮ ಮೆಕ್ಸಿಕೋ ಉಳಿಸಿದೀನಿ, ಖರ್ಚು ಲಕ್ಷ ಡಾಲರ್ ಮೇಲಾಗಿದೆ ಕೊಡಿ ಅಂತ ವೈಸ್‌ರಾಯ್‌ಗೆ ಬಿಲ್ ಕಳಿಸಿದ. ವೈಸ್‌ರಾಯ್ ಇತುರ್ರಿಗರಾಯ್ ಬಹಳ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿದ, ಕಾಸು ಬಿಚ್ಚಲಿಲ್ಲ.

1807ರಲ್ಲಿ ರಿಚ್ಮಂಡಲ್ಲಿ ಬರ್ ಮೇಲೆ ದೇಶದ್ರೋಹದ ವಿಚಾರಣೆ, ಚೀಫ್ ಜಸ್ಟಿಸ್ ಜಾನ್ ಮಾರ್ಷಲ್ ಮುಂದೆ. ಮುಖ್ಯ ಸಾಕ್ಷಿ ನಮ್ಮ ಜನರಲ್. ಅವತ್ತು ಕೋರ್ಟಲ್ಲಿದ್ದ ಲೇಖಕ ವಾಷಿಂಗ್ಟನ್ ಇರ್ವಿಂಗ್, ಇವನು ಟರ್ಕಿ ಹುಂಜದ ಥರ ಉಬ್ಬಿಕೊಂಡು ನಿಂತಿದ್ದ ಅಂತ ಬರೆದಿದಾನೆ. ಸವಾಲು ಹಾಕ್ತಾ ಹಾಕ್ತಾ ಇವನೇ ಒಪ್ಕೊಂಡ, ಕೋರ್ಟಿಗೆ ಕೊಟ್ಟ ಬರ್ ಪತ್ರವನ್ನ ತಾನೇ ಅಳಿಸಿ ತಿದ್ದಿದೀನಿ ಅಂತ, ಪತ್ರದ ಶುರುವಲ್ಲೇ ನಿಮ್ಮ ಪತ್ರ ತಲುಪಿತು ಅಂತ ಇತ್ತಲ್ಲ, ಅದಿದ್ರೆ ಇವನೂ ಬರೀತಿದ್ದ ಅನ್ನೋದು ಹೊರಗೆ ಬರುತ್ತೆ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ಬರ್ ಖುಲಾಸೆ ಆದ. ವಿಲ್ಕಿನ್ಸನ್ ಮೇಲೂ ಕೇಸ್ ಹಾಕ್ಬೇಕಾ ಅಂತ ಗ್ರಾಂಡ್ ಜ್ಯೂರಿ ಮತ ಹಾಕ್ತು, 9ಕ್ಕೆ 7ರಲ್ಲಿ ತಪ್ಪಿಸ್ಕೊಂಡ. ಜ್ಯೂರಿ ಮುಖ್ಯಸ್ಥ ಜಾನ್ ರಾಂಡಾಲ್ಫ್, ತೊಗಟೆಯಿಂದ ತಿರುಳಿನವರೆಗೆ ಪೂರ್ತಿ ಖದೀಮ ಅಂತ ನಾನು ನೋಡಿದ್ದು ಇವನೊಬ್ಬನನ್ನೇ ಅಂದ.

ಇಲ್ಲೀವರೆಗೂ ನಕ್ಕಿದೀವಿ. 1809ರದ್ದು ನಗೋ ವಿಷಯ ಅಲ್ಲ. ನ್ಯೂ ಆರ್ಲಿಯನ್ಸ್ ಕೆಳಗೆ ಟೆರ್ ಓ ಬಫ್ ಅನ್ನೋ ಜೌಗು, ಹೆಸರಿನ ಅರ್ಥ ಎತ್ತುಗಳ ನೆಲ. ಎರಡು ಸಾವಿರದಷ್ಟು ಸೈನಿಕರನ್ನ ಅಲ್ಲಿ ಬಿಡಾರ ಹಾಕಿಸಿದ. ಮೇಲಿಂದ ಎತ್ತರದ ಜಾಗಕ್ಕೆ ಸಾಗಿಸು ಅಂತ ಆರ್ಡರ್ ಬಂದ್ರೂ ಕೇಳಲಿಲ್ಲ. ಹುಳು ಬಿದ್ದ ಹಿಟ್ಟು, ಕೊಳೆತ ಮಾಂಸ, ಜ್ವರ, ಭೇದಿ. ಕಂಟ್ರಾಕ್ಟರ್ ಜೊತೆ ಇವನಿಗೆ ಒಳವ್ಯವಹಾರ ಇತ್ತು ಅನ್ನೋ ಆರೋಪ ಬಂತು. ಸಾವು, ಪರಾರಿ ಎರಡೂ ಸೇರಿ ಹೆಚ್ಚುಕಮ್ಮಿ ಅರ್ಧ ಸೈನ್ಯ ಕರಗಿಹೋಯ್ತು, ಶತ್ರು ಕಡೆಯಿಂದ ಒಂದು ಗುಂಡೂ ಹಾರದೆ. ಸ್ಪೇನಿಗೆ ಮಾರಿದ ಗುಟ್ಟುಗಳಿಂದ ಯಾರೂ ಸತ್ತ ಹಾಗೆ ಕಾಣಲ್ಲ, ಇಲ್ಲಿ ಸತ್ತಿದ್ದು ಅವನದೇ ಹುಡುಗರು, ನನಗೆ ಅವನ ಮೇಲೆ ನಿಜವಾದ ಸಿಟ್ಟು ಬರೋದು ಈ ಜಾಗದಲ್ಲಿ.

ಇದಕ್ಕೂ ಸ್ಪೇನಿನ ಪೆನ್ಶನ್‌ಗೂ ಸೇರಿಸಿ 1811ರಲ್ಲಿ ಕೋರ್ಟ್ ಮಾರ್ಷಲ್ ಆಯ್ತು. ಹಳೇ ಪಾಲುದಾರ ಡೇನಿಯಲ್ ಕ್ಲಾರ್ಕ್ (ಆ ಪ್ರಯಾಣದ ಕ್ಲಾರ್ಕ್ ಬೇರೆ, ಇವನು ಬೇರೆ) ಅಷ್ಟೊತ್ತಿಗೆ ತನ್ನ ಹತ್ರ ಇದ್ದ ದಾಖಲೆನೆಲ್ಲ ಪುಸ್ತಕ ಮಾಡಿ ಹೊರಗೆ ಬಿಟ್ಟಿದ್ದ. ಆದ್ರೂ ಕ್ರಿಸ್ಮಸ್ ದಿನ ಖುಲಾಸೆ. ಅಧ್ಯಕ್ಷ ಮ್ಯಾಡಿಸನ್ ತೀರ್ಪಿಗೆ ಸಹಿ ಹಾಕಿದ, ಆದ್ರೆ ವಿಷಾದದಿಂದ ಒಪ್ತೀನಿ ಅಂತ ಬರೆದೇ ಹಾಕಿದ. ಆಮೇಲೆ ಬ್ರಿಟಿಷರ ಮೇಲಿನ ಯುದ್ಧ, ಮೇಜರ್ ಜನರಲ್ ಬಡ್ತಿ, ಕೆನಡಾ ಕಡೆ ಕ್ರೈಸ್ಲರ್ಸ್ ಫಾರ್ಮಲ್ಲಿ ಸೋಲು, 1814ರಲ್ಲಿ ಲಕೋಲ್ ಅನ್ನೋ ಕಡೆ ಒಂದು ಕಲ್ಲಿನ ಗಿರಣಿ ಹಿಡಿಯಕ್ಕಾಗದೆ ಸಾವಿರಾರು ಜನರ ಸಮೇತ ವಾಪಸ್ಸು. ಮತ್ತೆ ವಿಚಾರಣೆ, ಮತ್ತೆ ಖುಲಾಸೆ. ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಲಿಲ್ಲ, 1816ರಲ್ಲಿ ಮೂರು ಸಂಪುಟದ ಆತ್ಮಕಥೆ ಬರೆದು ತಾನು ಎಂಥ ದೇಶಭಕ್ತ ಅಂತ ಸಾಧಿಸಿದ.

ಹಾಗಾದ್ರೆ ಯಾಕೆ ಸಿಕ್ಕಿಬೀಳಲಿಲ್ಲ? ಇಲ್ಲಿ ನನ್ನ ಹಳೇ ಕಸುಬು ನೆನಪಾಗುತ್ತೆ, ತಗೊಂಡೋನ ಪುಸ್ತಕದಲ್ಲಿ ಎಂಟ್ರಿ ಇರಲ್ಲ, ಕೊಟ್ಟೋನ ಪುಸ್ತಕದಲ್ಲಿ ಇದ್ದೇ ಇರುತ್ತೆ. ಕೊಟ್ಟೋರ ಪುಸ್ತಕ ಇದ್ದಿದ್ದು ಹವಾನಾದಲ್ಲಿ, ಅಂದ್ರೆ ಆಗ ಸ್ಪೇನಿನ ಕೈಲಿದ್ದ ಕ್ಯೂಬಾದ ರಾಜಧಾನೀಲಿ. ವಿಚಾರಣೆ ನಡೀತಿದ್ದ 1807ರಲ್ಲೇ ಫ್ಲಾರಿಡಾದ ಸ್ಪೇನಿನ ಗವರ್ನರ್ ಫೋಲ್ಚ್ ಇವನಿಗೆ ಧೈರ್ಯ ಹೇಳಿ ಬರೆದಿದ್ದ. ನಿಮ್ಮ ಹಳೇ ಕಥೆಯ ಕಾಗದ ಎಲ್ಲಾ ಹವಾನಾಕ್ಕೆ ಸಾಗಿಸಿದೀನಿ, ಅಮೆರಿಕ ಆ ಊರು ಗೆಲ್ಲೋಷ್ಟರಲ್ಲಿ ನೀವು, ನಾನು, ಜೆಫರ್ಸನ್, ಮ್ಯಾಡಿಸನ್ ಎಲ್ಲರೂ ಪರಲೋಕಕ್ಕೆ ಬಹಳ ದಿನದ ದಾರಿ ಸವೆಸಿರ್ತೀವಿ ಅಂತ. ಹಾಗೇ ಆಯ್ತು. 1854ರಲ್ಲಿ ಲೂಸಿಯಾನಾದ ಇತಿಹಾಸಕಾರ ಗಯಾರೆ ಸ್ಪೇನಿನ ದಫ್ತರದ ಪತ್ರಗಳನ್ನ ಪ್ರಕಟಿಸಿದಾಗ ನಂಬರ್ 13 ಯಾರು ಅಂತ ಎಲ್ಲರ ಮುಂದೆ ಬಿತ್ತು. ಅಮೆರಿಕ ನಿಜವಾಗ್ಲೂ ಹವಾನಾಗೆ ಕಾಲಿಟ್ಟಿದ್ದು 1898ರಲ್ಲಿ, ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಆ ಕಡತಗಳು ಹಡಗು ಹತ್ತಿ ಸ್ಪೇನಿನ ಸೆವಿಲ್ ಸೇರಿದ್ವು. ಈಗಲೂ ಅಲ್ಲೇ ಇವೆ. ಸ್ಪೇನಿನ ಗುಮಾಸ್ತರ ಬಗ್ಗೆ ನನಗೆ ಅಪಾರ ಗೌರವ.

ಕೊನೇಲಿ ಒಂದಿಬ್ಬರು ಪ್ರಶ್ನೆ ಕೇಳಿದ್ರು. ಸ್ಪೇನಿಗೆ ಲಾಭ ಆಯ್ತಾ? ನನಗೆ ಕಾಣೋ ಹಾಗೆ ಇಲ್ಲ. ಕೆಂಟಕಿ ಸಿಗಲಿಲ್ಲ, 1795ರ ಒಪ್ಪಂದದಲ್ಲಿ ಅವರೇ ನದಿ ಬಿಟ್ಟುಕೊಟ್ರು, ಲೂಯಿಸ್ ಕ್ಲಾರ್ಕ್ ಕೈಗೆ ಸಿಗಲಿಲ್ಲ. ಕೊಟ್ಟ ಬೆಳ್ಳಿಗೆ ಅವರಿಗೆ ಸಿಕ್ಕಿದ್ದು ಚೆನ್ನಾಗಿ ಬರೆದ ಪತ್ರಗಳು.

ಎಲ್ಲಿ ಸತ್ತ ಅಂತ ಇನ್ನೊಬ್ಬರು ಕೇಳಿದ್ರು. ಮೆಕ್ಸಿಕೋ ನಗರದಲ್ಲಿ, 1825ರ ಡಿಸೆಂಬರ್ 28ಕ್ಕೆ, ಟೆಕ್ಸಾಸಲ್ಲಿ ಜಮೀನು ಮಂಜೂರಾಗಲಿ ಅಂತ ಕಚೇರಿ ಅಲೀತಾ, ಜೊತೆಗೆ ಬೈಬಲ್ ಸೊಸೈಟಿ ಏಜೆಂಟ್ ಆಗಿ. ಅಷ್ಟರಲ್ಲಿ ಅವನು ನಿಷ್ಠೆ ಬರೆದುಕೊಟ್ಟಿದ್ದ ಸ್ಪೇನ್ ಅಲ್ಲಿಂದ ಗಂಟುಮೂಟೆ ಕಟ್ಟಿ ನಾಲ್ಕು ವರ್ಷ ಆಗಿತ್ತು. ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ಹುಡುಗ, ಸತ್ಯ ಗೊತ್ತಾದ ಮೇಲಾದ್ರೂ ಅವನ ಹೆಸರು ಎಲ್ಲಾ ಕಡೆಯಿಂದ ತೆಗೆದು ಹಾಕಿದ್ರಾ ಅಂಕಲ್ ಅಂದ. ಇಲ್ಲಪ್ಪ, ಮ್ಯಾಪ್ ತೆಗೆದು ನೋಡು, ಮಿಸಿಸಿಪೀಲಿ ಒಂದು, ಜಾರ್ಜಿಯಾದಲ್ಲಿ ಒಂದು, ಎರಡು ವಿಲ್ಕಿನ್ಸನ್ ಕೌಂಟಿ ಇವೆ, ಎರಡೂ ಇವನ ಹೆಸರಲ್ಲೇ.